ಅಂಗಡಿಯದಲ್ಲ, ಮನೆಯಲ್ಲೇ ಹಿಂಡಿದ್ದು

ಈ ಸಲದ ಮೇ ತಿಂಗಳ ಒಂದು ಭಾನುವಾರ, ಇನ್ನೂ ಹಾಸಿಗೆಯಲ್ಲಿರುವಾಗಲೇ ಮೂಸಂಬಿ ಸಿಪ್ಪೆಯ ವಾಸನೆ ಮೂಗಿಗೆ ಬಡಿಯಿತು. ಸುಲಿಯುವಾಗ ಸಿಪ್ಪೆಯಿಂದ ಚಿಮ್ಮುತ್ತದಲ್ಲ, ಕಣ್ಣಿಗೆ ಬಿದ್ದರೆ ಉರಿಯುವ ಆ ಎಣ್ಣೆಯ ವಾಸನೆ. ಬೇರೆಯವರಿಗೆ ಅದು ತಂಪಿನ ವಾಸನೆ ಇರಬಹುದು. ನನಗೆ ಮೈಯೆಲ್ಲ ಉರಿಯಿತು. ಎದ್ದು ಅಡುಗೆಮನೆಗೆ ಹೋದೆ.

ಅಪ್ಪ ಸಿಂಕಿನ ಪಕ್ಕ ನಿಂತಿದ್ದ. ಮಿಕ್ಸಿ ಮುಟ್ಟಿರಲಿಲ್ಲ. ಹಣ್ಣು ಸುಲಿದು, ತೊಳೆ ಬಿಡಿಸಿ, ಒಂದೊಂದು ತೊಳೆಯ ತೆಳುಪೊರೆಯನ್ನೂ ತೆಗೆದು, ಬೀಜ ಆರಿಸಿ, ಎಲ್ಲವನ್ನೂ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಪಾತ್ರೆಗೆ ಹಿಂಡುತ್ತಿದ್ದ. ಪಕ್ಕದಲ್ಲಿ ಸ್ಟೀಲ್ ಫ್ಲಾಸ್ಕು ಬಾಯಿ ತೆರೆದುಕೊಂಡು ಕೂತಿತ್ತು.

"ಯಾರಿಗಪ್ಪ ಇದು?"

"ಅಕ್ಕಂಗೆ. ತಿಂಡಿ ತಿಂದ್ಕೊಂಡು ಹೋಗಿ ನೋಡ್ಕೊಂಡ್ ಬರಾಣ ಅಂತ."

"ಅತ್ತೆಗೆ ಜ್ಯೂಸ್ ಕೊಡಬಾರದು ಅಂತ ಎಷ್ಟು ಸಲ ಹೇಳಿದೀನಿ ನಿನಗೆ?"

ಅವನು ತಿರುಗಿಯೂ ನೋಡಲಿಲ್ಲ. ಗಂಟನ್ನು ಇನ್ನೊಂದು ಸುತ್ತು ತಿರುಚಿದ.

"ಅಂಗಡೀದಲ್ಲ ಕಣವ್ವ. ಮನೇಲೇ ಹಿಂಡಿದ್ದು."

ಈ ಮಾತನ್ನು ಅಪ್ಪನ ಬಾಯಲ್ಲಿ ಕೇಳಬೇಕಾಯಿತಲ್ಲ! ಜಗತ್ತಿನಲ್ಲಿ ಬೇರೆ ಯಾರ ಬಾಯಲ್ಲಿ ಕೇಳಿದ್ದರೂ ಸಹಿಸಿಕೊಳ್ಳುತ್ತಿದ್ದೆನೇನೋ. ಈ ಮಾತೇ ಒಂದು ಬೇಸಿಗೆಯಲ್ಲಿ ಅವನನ್ನು ಕೊಲ್ಲುವುದರಲ್ಲಿತ್ತು.

ಆಗ ನಾನು ಬಿಎಸ್ಸಿ ಮುಗಿಸಿ ಹೆಚ್ಚು ದಿನವಾಗಿರಲಿಲ್ಲ. ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಅಪ್ಪನದು ಹೂಟಗಳ್ಳಿಯ ಫ್ಯಾಕ್ಟರಿಯಲ್ಲಿ ಲೋಡಿಂಗ್ ಕೆಲಸ. ಗೌನು ಹಾಕಿಕೊಂಡ ನನ್ನ ಫೋಟೋವನ್ನು ಅವನು ದೇವರ ಪಟಗಳಿಗಿಂತ ದೊಡ್ಡದಾಗಿ ಮಾಡಿಸಿ ಹಜಾರದಲ್ಲಿ ತೂಗುಹಾಕಿದ್ದ. ಯಾರು ಬಂದರೂ ಮೊದಲು ಅದನ್ನೇ ತೋರಿಸುವುದು. ನಾನು ಸರಸ್ವತಿಪುರಂನ ಒಂದು ಟುಟೋರಿಯಲ್‌ನಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದೆ. ರಜೆಯಲ್ಲಿ ಕೋಚಿಂಗ್ ಜೋರು. ಬೆಳಿಗ್ಗೆ ಸಿಟಿ ಬಸ್ಸು ಹತ್ತಿದರೆ ಮನೆ ಸೇರುವಾಗ ಬೀದಿದೀಪ ಹತ್ತಿರುತ್ತಿತ್ತು. ನೆಂಟರ ಮನೆಗಳಲ್ಲಿ ಬ್ಯಾಂಕಿನ ಪತ್ರ ಬಂದರೆ ನನಗೆ ಫೋನು. ಆಸ್ಪತ್ರೆಯ ರಿಪೋರ್ಟು ಬಂದರೆ ನನಗೆ ಫೋನು. ಹೊಸ ಕುಕ್ಕರಿನ ಜೊತೆ ಬಂದ ಪುಸ್ತಕ ಓದಲಿಕ್ಕೂ ನಾನೇ. ನನಗೂ ಅದು ಹೆಮ್ಮೆಯೇ, ಸುಳ್ಳು ಯಾಕೆ ಹೇಳಲಿ. ಕಷ್ಟಪಟ್ಟು ಪಡೆದ ಡಿಗ್ರಿ ಅದು. ಊರ ಸಂಬಂಧಿಕರೆಲ್ಲ "ಹೆಣ್ಣುಮಗೀಗ್ ಯಾಕ್ ಅಷ್ಟು?" ಎಂದಾಗ ಅಪ್ಪ ಮೂಟೆ ಹೊತ್ತು ಓದಿಸಿದ ಡಿಗ್ರಿ.

ಆ ಮೂಟೆಗಳೇ ಅವನ ಬೆನ್ನು ತಿಂದವು. ಎಷ್ಟೋ ವರ್ಷ ಅವನು ಬೆನ್ನುನೋವಿಗೆ ಮೆಡಿಕಲ್ ಶಾಪಿನವನು ಕೊಟ್ಟ ಮಾತ್ರೆ ನುಂಗುತ್ತಿದ್ದನಂತೆ, ಬೆಳಿಗ್ಗೆ ಒಂದು, ಮಲಗುವಾಗ ಒಂದು, ಅನ್ನದಷ್ಟೇ ಸಲೀಸಾಗಿ. ಯುಗಾದಿ ಕಳೆದ ಮೇಲೆ ಒಂದು ವಾಂತಿ-ಭೇದಿ ನೆಪವಾಯಿತು. ಮುಖ ಊದಿಕೊಂಡಿತು, ಮೂತ್ರ ನಿಂತಿತು. ಆಸ್ಪತ್ರೆಗೆ ಹಾಕಿದಾಗ ಆ ಮಾತ್ರೆಗಳಿಂದಲೇ ಕಿಡ್ನಿ ಎರಡೂ ಕೈಕೊಟ್ಟಿವೆ ಎಂದರು. ಡಯಾಲಿಸಿಸ್ ಶುರುಮಾಡಿದರು.

ಅಲ್ಲಿದ್ದ ಡಾಕ್ಟರಮ್ಮ ನನ್ನನ್ನು ಬೇರೆ ಕೂರಿಸಿಕೊಂಡು ಹೇಳಿದರು: "ನಿಮ್ಮ ತಂದೆ ಕಿಡ್ನಿ ಪೂರ್ತಿ ಹೋಗಿಲ್ಲ. ಚೇತರಿಸಿಕೊಳ್ಳೋ ಸಾಧ್ಯತೆ ಇದೆ. ಆದರೆ ಅಲ್ಲಿಯವರೆಗೆ ಪೊಟ್ಯಾಷಿಯಂ ಏರಬಾರದು. ಏರಿದರೆ ಹೃದಯ ನಿಲ್ಲುತ್ತೆ, ಹೇಳಿ ಕೇಳಿ ಬರಲ್ಲ ಅದು. ಹಣ್ಣಿನ ರಸ ಬೇಡ, ಎಳನೀರು ಬೇಡ. ತರಕಾರಿ ಬೇಯಿಸಿ ನೀರು ಬಸಿದು ಕೊಡಿ. ಕುಡಿಯೋ ನೀರು ಅಳತೆ ಮಾಡಿ ಕೊಡಿ. ನೀವು ಕೆಮಿಸ್ಟ್ರಿ ಓದಿದೀರಲ್ಲ, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ."

ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮವರಿಗೆ ಬಿಡಿಸಿ ಹೇಳಲು ಬ್ರಹ್ಮನೇ ಬರಬೇಕಾಗಿತ್ತು.

ನಮ್ಮ ಕಡೆ ಹಣ್ಣು ಕೊಳ್ಳುವುದು ಯಾರಾದರೂ ಹಾಸಿಗೆ ಹಿಡಿದಾಗ ಮಾತ್ರ. ಬಾಳೆಹಣ್ಣು ಬಿಡಿ, ಅದು ಪೂಜೆಗೆ ಬೇಕು. ಮೂಸಂಬಿ, ದಾಳಿಂಬೆ, ಸೇಬು ಇವೆಲ್ಲ ಕಾಯಿಲೆಯವರ ಹಣ್ಣುಗಳು. ಹೀಗಾಗಿ ಹಣ್ಣಿನ ರಸವೆಂದರೆ ಅವರ ಪಾಲಿಗೆ ಔಷಧಿ. ಅದನ್ನು ಬೇಡವೆನ್ನುವವಳು ಔಷಧಿ ತಪ್ಪಿಸಿದವಳು. ಅಪ್ಪ ಮನೆಗೆ ಬಂದ ಮಾರನೆಯ ದಿನದಿಂದ ಹಣ್ಣಿನ ಮೆರವಣಿಗೆ ಶುರುವಾಯಿತು. ಬರಿಗೈಯಲ್ಲಿ ಕಾಯಿಲೆಯವರನ್ನು ನೋಡಬಾರದಂತೆ. ಪ್ಲಾಸ್ಟಿಕ್ ಕವರು ಮಂಚದ ಕೆಳಗಿಟ್ಟು, ಅಪ್ಪನ ಮುಖ ನೋಡಿ ಚ್ಚು ಚ್ಚು ಎಂದು, "ಸಣ್ಣಗಾಗ್ಬುಟ್ಟಿದೀಯ ನಿಂಗರಾಜು, ಜ್ಯೂಸ್ ಮಾಡಿ ಕೊಡ್ತಾವ್ರಾ?" ಎಂದು ಕೇಳಿ, ನಾನು ಇಲ್ಲವೆಂದರೆ ನನ್ನನ್ನು ಮೇಲಿಂದ ಕೆಳಗೆ ನೋಡುವುದು.

ಚಿಕ್ಕಪ್ಪನಂತೂ ಹಜಾರದಲ್ಲಿ ನನ್ನ ಫೋಟೋದ ಕೆಳಗೇ ಕೂತು ಹೇಳಿದ: "ನೀನು ಓದಿರೋದು ಬಿಎಸ್ಸಿ ಕಣಮ್ಮ, ಎಂಬಿಬಿಎಸ್ ಅಲ್ಲ. ಬಾಯಾರ್ಕೊಂಡು ಬಿದ್ದಿರೋನಿಗೆ ಒಂದ್ ಲೋಟ ರಸ ಕೊಡಕ್ಕೆ ಲೆಕ್ಕ ಹಾಕ್ತೀಯಲ್ಲ!"

"ಎಂಬಿಬಿಎಸ್ ಓದಿದೋರೇ ಹೇಳಿದ್ದು ಚಿಕ್ಕಪ್ಪ."

"ಅವ್ರು ಅಂಗಡಿ ಜ್ಯೂಸ್ ಬಗ್ಗೆ ಹೇಳಿರ್ತಾರೆ. ಆ ಐಸು, ಆ ಬಣ್ಣ, ಕೊಳಕು ನೀರು. ಮನೇಲಿ ಮಾಡಿದ್ರೆ ಏನಾಯ್ತದೆ?"

ಅಲ್ಲಿಂದ ಹಬ್ಬಿತು ನೋಡಿ ಆ ಮಾತು. ಮನೆಗೆ ಬಂದವರೆಲ್ಲ ಅದನ್ನೇ ಹೇಳಿದರು, ಅದೇನೋ ಅವರೇ ಕಂಡುಹಿಡಿದ ಹಾಗೆ. ಡಾಕ್ಟರು ಬೇಡವೆಂದದ್ದು ಅಂಗಡಿಯದನ್ನು, ಮನೆಯದು ಅಮೃತ. ಹಣ್ಣಿನೊಳಗಿರುವ ಪೊಟ್ಯಾಷಿಯಂಗೆ ತಾನು ಅಂಗಡಿಯಲ್ಲಿದ್ದೇನೋ ಅಡುಗೆಮನೆಯಲ್ಲಿದ್ದೇನೋ ಗೊತ್ತಾಗುತ್ತದೆಯೇ? ನಾನು ಗಂಟಲು ಹರಿದುಕೊಂಡೆ. ಆಮೇಲೆ ಹಣ್ಣಿನ ಕವರುಗಳನ್ನು ಹೊತ್ತುಕೊಂಡು ಹೋಗಿ ಟುಟೋರಿಯಲ್ ಮಕ್ಕಳಿಗೆ ಹಂಚಿದೆ.

ಇನ್ನೊಂದು ಮಾತು. ಇಷ್ಟು ಹಣ್ಣು ತಂದರಲ್ಲ ಇವರು, ಅವನು ಮೂಟೆ ಹೊರುತ್ತಿದ್ದ ಅಷ್ಟು ವರ್ಷ ಎಲ್ಲಿದ್ದರು? ಬೆನ್ನು ಹಿಡಿದುಕೊಂಡು ಗೋಡೆಗೊರಗಿ ಕೂತಾಗ ಒಬ್ಬರಾದರೂ ಒಂದು ಕಿತ್ತಲೆಹಣ್ಣು ತಂದಿದ್ದರೇ? "ಆ ಮಾತ್ರೆ ಯಾಕ್ ಅಷ್ಟು ನುಂಗ್ತೀಯ" ಎಂದು ಕೇಳಿದ್ದರೇ? ಬಿದ್ದಮೇಲೆ ಬರುವ ಪ್ರೀತಿ ಅದು, ಕವರಿನಲ್ಲಿ ಬರುತ್ತದೆ.

ಆದರೆ ಅತ್ತೆಯನ್ನು ಅವರ ಜೊತೆ ಸೇರಿಸಲಾರೆ, ಕೋಪವಿದ್ದರೂ. ಅಪ್ಪನ ಅಕ್ಕ ಪುಟ್ಟತಾಯಮ್ಮ, ಮದುವೆಯಾಗಿ ವಿದ್ಯಾರಣ್ಯಪುರಂ ಸೇರಿದವಳು. ಅಪ್ಪ ಕೈಗೂಸಾಗಿದ್ದಾಗಲೇ ಅಜ್ಜಿ ತೀರಿಕೊಂಡಿದ್ದಳು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಈ ಅತ್ತೆ, ಅವಳೇ ಲಂಗ ಹಾಕುವ ಹುಡುಗಿ ಆಗ. ಅಪ್ಪನಿಗೆ ವಿಷಮಜ್ವರ ಬಂದು ನಾಲಿಗೆ ಒಣಗಿದಾಗ ಅವಳು ಎಲ್ಲಿಂದಲೋ ಒಂದು ಕಿತ್ತಲೆಹಣ್ಣು ಸಂಪಾದಿಸಿ, ಲಂಗದ ತುದಿಯಲ್ಲಿ ಹಿಂಡಿ, ತೊಟ್ಟು ತೊಟ್ಟಾಗಿ ಬಾಯಿಗೆ ಬಿಟ್ಟಳಂತೆ. ಆ ಕತೆಯನ್ನು ನಾನು ಮದುವೆಗಳಲ್ಲಿ, ತಿಥಿಗಳಲ್ಲಿ, ಬಸ್ಸಿನಲ್ಲಿ ಕೇಳಿದ್ದೇನೆ. ಅತ್ತೆ ಮಿಕ್ಸಿಯ ರಸವನ್ನು ರಸವೆಂದು ಒಪ್ಪುವುದಿಲ್ಲ. ಬೀಜ ಅರೆದು ಕಹಿಯಾಗುತ್ತದೆ ಎನ್ನುತ್ತಾಳೆ. ಪೊರೆ ತೆಗೆದು, ಬಟ್ಟೆಯಲ್ಲಿ ಹಿಂಡಿ, ಚಿಟಿಕೆ ಉಪ್ಪು, ಚಿಟಿಕೆ ಮೆಣಸು. ರುಚಿಯೋ, ಅದನ್ನು ಕೇಳಬೇಡಿ, ನಾನೂ ಚಿಕ್ಕಂದಿನಲ್ಲಿ ಕುಡಿದವಳೇ.

ಏಪ್ರಿಲ್ ಉರಿಯತೊಡಗಿತ್ತು. ಅವ್ವ ಸೊಪ್ಪು ಬೇಯಿಸಿ ಬಸಿದ ಕಟ್ಟನ್ನು ಚೆಲ್ಲುವಾಗ ಕಣ್ಣು ಒರೆಸಿಕೊಳ್ಳುತ್ತಿದ್ದಳು, ಬಸ್ಸಾರಿನ ಕಟ್ಟು ಚೆಲ್ಲುವುದೆಂದರೆ ಅವಳಿಗೆ ಅನ್ನ ಚೆಲ್ಲಿದಂತೆ. ರಾಗಿಯಲ್ಲೂ ಪೊಟ್ಯಾಷಿಯಂ ಎಂದು ಮುದ್ದೆಯೂ ಇಲ್ಲ. ಅಪ್ಪ ಬಸಿದ ತರಕಾರಿ ಕಲಸಿದ ಅನ್ನ ನುಂಗಿ, ಬಾಟಲಿಯಲ್ಲಿ ಗುರುತು ಹಾಕಿಟ್ಟ ನೀರನ್ನು ಗುಟುಕರಿಸಿ, ಬಾಕಿ ಹೊತ್ತು ಒದ್ದೆ ಬಟ್ಟೆ ತುಟಿಗೊತ್ತಿಕೊಂಡು ಮಲಗಿರುತ್ತಿದ್ದ. ನನಗೇನು ಕಲ್ಲಿನ ಎದೆಯೇ? ಕ್ಲಾಸಿನಲ್ಲಿ ನೀರಿನ ಬಾಟಲಿ ತೆಗೆದವಳು ಕುಡಿಯದೆ ಮುಚ್ಚಿಡುತ್ತಿದ್ದೆ. ಆದರೂ ಮೂತ್ರ ಹೆಚ್ಚುತ್ತಿತ್ತು, ಊತ ಇಳಿಯುತ್ತಿತ್ತು. ಡಾಕ್ಟರಮ್ಮ ರಿಪೋರ್ಟು ನೋಡಿ, "ಸರಿಯಾಗಿ ನೋಡ್ಕೋತಿದೀರ" ಎಂದಿದ್ದರು.

ಅದಾದ ಮುಂದಿನ ವಾರ ಅಪ್ಪ ಬಚ್ಚಲಿಗೆ ಹೋಗಲು ಎದ್ದವನು ಹಾಗೇ ಕುಸಿದ. ಕಾಲಲ್ಲಿ ಬಲವೇ ಇಲ್ಲ. ಅವ್ವ ಫೋನು ಮಾಡಿದಾಗ ನಾನು ಬೋರ್ಡಿನ ಮುಂದೆ ನಿಂತಿದ್ದೆ. ಮನೆಗೆ ಧಾವಿಸಿ, ಅವನನ್ನು ಆಟೋದಲ್ಲಿ ಮಲಗಿಸಿ ನಾಡಿ ಹಿಡಿದು ಕೂತರೆ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಊರೇ ಹಿಡಿಸುವಷ್ಟು ಜಾಗ. ಆಸ್ಪತ್ರೆಯಲ್ಲಿ ಇಸಿಜಿ ನೋಡಿದ ಡಾಕ್ಟರಮ್ಮ ಅವನನ್ನು ನೇರ ಒಳಗೆ ಸಾಗಿಸಿದರು. ಅರ್ಧ ಗಂಟೆ ತಡವಾಗಿದ್ದರೂ ಕೈ ಮೀರುತ್ತಿತ್ತಂತೆ. ಹೊರಬಂದವರು ನನ್ನ ಮೇಲೆ ಎಗರಿದರು.

"ಏನು ಕೊಟ್ರಿ?"

"ಏನೂ ಕೊಟ್ಟಿಲ್ಲ ಮೇಡಂ."

"ಏನೂ ಕೊಡದೆ ಪೊಟ್ಯಾಷಿಯಂ ಇಷ್ಟು ಏರಲ್ಲ. ಓದಿದೋರು ನೀವು. ನಿಮ್ಮನ್ನ ನಂಬಿ ಮನೆಗೆ ಕಳಿಸಿದೆ ನಾನು!"

ಆ ಕಾರಿಡಾರಿನಲ್ಲಿ, ಅಷ್ಟು ಜನರೆದುರು, ತಲೆ ತಗ್ಗಿಸಿ ನಿಂತೆ. ಕೈಯಲ್ಲಿ ಅಪ್ಪನ ಟವೆಲ್ ಇತ್ತು. ಕಣ್ಣು ಒರೆಸಿಕೊಳ್ಳಲು ಮುಖಕ್ಕೊತ್ತಿಕೊಂಡೆ. ಮೂಸಂಬಿ. ಉಪ್ಪು, ಮೆಣಸು ಹಾಕಿದ ಮೂಸಂಬಿಯ ವಾಸನೆ.

ಅವ್ವ ಬೆಂಚಿನ ಮೇಲೆ ಕೂತಿದ್ದಳು. ಅವಳ ಮುಂದೆ ಟವೆಲ್ ಹಿಡಿದೆ. ಏನೂ ಕೇಳಬೇಕಾಗಲಿಲ್ಲ.

"ನಿಮ್ಮತ್ತೆ ಈ ವಾರ ಪೂರ್ತಿ ದಿನಾ ಮಧ್ಯಾಹ್ನ ಎರಡು ಬಸ್ಸು ಬದಲಾಯಿಸ್ಕೊಂಡು ಬರೋಳು ಕಣೆ," ಎಂದಳು. "ಫ್ಲಾಸ್ಕಲ್ಲಿ ತರೋಳು. ಅಂಗಡೀದಲ್ಲ, ಮನೇಲೇ ಹಿಂಡಿದ್ದು."

"ನೀನೇನು ಮಾಡ್ತಿದ್ದೆ?"

ಅವ್ವ ಸೆರಗು ಬಾಯಿಗಿಟ್ಟುಕೊಂಡಳು. "ಬಾಗಿಲಲ್ಲಿ ನಿಂತಿರ್ತಿದ್ದೆ. ನೀನು ಬೇಗ ಬಂದ್ಬುಟ್ರೆ ಅಂತ."

ನನ್ನ ಅವ್ವ ಕಾವಲಿದ್ದಳು, ನನ್ನ ವಿರುದ್ಧ. ನಾನು ಮನೆಯೊಳಗಿನ ಶತ್ರು. ಲೋಕದ ಪತ್ರಗಳನ್ನೆಲ್ಲ ಓದಲು ಬೇಕಾದ ಶೋಭಾ, ಫೋಟೋದಲ್ಲಿ ತೂಗುಹಾಕಲು ಬೇಕಾದ ಶೋಭಾ, ಒಂದು ಲೋಟ ರಸದ ಮುಂದೆ ಯಾರೂ ಅಲ್ಲ. ಅಪ್ಪನಿಗೂ ಅಲ್ಲ. ಅವನಿಗೆ ಪ್ರಜ್ಞೆ ಬಂದಮೇಲೆ ಯಾಕೆ ಕುಡಿದೆ ಎಂದು ಕೇಳಿದರೆ, "ಅಕ್ಕನ ಕೈ ಎಂಗವ್ವ ತಳ್ಳದು?" ಎಂದ. ನನ್ನ ಕೈ ತಳ್ಳಬಹುದು. ಅದಕ್ಕೇನು, ಓದಿದ ಕೈ.

ಅಪ್ಪ ಮನೆಗೆ ಬಂದಮೇಲೆ ನಾನು ಟುಟೋರಿಯಲ್‌ಗೆ ರಜೆ ಹಾಕಿದೆ. ಮಧ್ಯಾಹ್ನ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತೆ. ಅತ್ತೆ ಬಂದಳು, ಬಿಸಿಲಿಗೆ ಸೆರಗು ತಲೆ ಮೇಲೆ ಹೊದ್ದು, ಕಂಕುಳಲ್ಲಿ ಬ್ಯಾಗು. ನಾನು ಗೇಟಿನ ಚಿಲಕ ತೆಗೆಯಲಿಲ್ಲ.

"ಬ್ಯಾಗಲ್ಲೇನಿದೆ ಅತ್ತೆ?"

"ಏನೋ ಇರ್ತದೆ. ತೆಗಿಯೇ ಗೇಟ್‌ನ, ಕಾಲು ಸುಡ್ತದೆ."

"ನೀನು ತಂದ ರಸದಿಂದಲೇ ಅಪ್ಪನ ಎದೆ ನಿಂತು ಹೋಗೋದ್ರಲ್ಲಿತ್ತು. ಡಾಕ್ಟ್ರು ಹೇಳಿದ್ದಾರೆ. ಇನ್ನೊಂದು ಸಲ ಆದ್ರೆ ಉಳಿಯಲ್ಲ. ಫ್ಲಾಸ್ಕ್ ಒಳಗೆ ಬರಲ್ಲ."

ಅವಳ ಮುಖ ಒಂದು ಕ್ಷಣ ಬಿಳುಚಿತು. ಆಮೇಲೆ ಬೀದಿಯೇ ಎದ್ದು ಬರುವಂತೆ ದನಿ ತೆಗೆದಳು: "ನನ್ನ ತಮ್ಮನ ಬಾಯಿಗೆ ಬೀಗ ಹಾಕಕ್ಕೆ ನೀನ್ಯಾವಳೇ? ಅವನ ಬಾಯಿಗೆ ಮೊದಲ ತುತ್ತು ಇಟ್ಟೋಳು ನಾನು! ಎರಡಕ್ಷರ ಓದ್ಬುಟ್ಟು ಹೆತ್ತಪ್ಪನ್ನ ನೀರಡಿಸಿ ಸಾಯಿಸ್ತಾವ್ಳೆ, ನೋಡ್ರಪ್ಪೋ!"

ಎದುರು ಮನೆಯವರು, ಪಕ್ಕದ ಮನೆಯವರು, ಎಲ್ಲರೂ ನೋಡಿದರು. ತವರಿಗೆ ಬಂದ ಹೆಣ್ಣುಮಗಳನ್ನು ಕುಂಕುಮ ಕೊಡದೆ ಕಳಿಸಬಾರದು ಎಂಬ ಕುಲ ನಮ್ಮದು. ನಾನು ಗೇಟಿನಿಂದಲೇ ಕಳಿಸಿದೆ. ಅವಳು ಎದುರಿನ ಮೋರಿಯ ಚಪ್ಪಡಿ ಮೇಲೆ ಬಹಳ ಹೊತ್ತು ಕೂತಿದ್ದು, ಬ್ಯಾಗು ಎದೆಗವಚಿಕೊಂಡು ಹೋದಳು. ಒಳಗಿನಿಂದ ಅಪ್ಪ "ಅಕ್ಕ ಬಂದಂಗಿತ್ತಲ್ಲ?" ಎಂದ. ಯಾರೂ ಇಲ್ಲ, ಮಲಗು ಎಂದೆ.

ಮಳೆ ಶುರುವಾಗುವ ಹೊತ್ತಿಗೆ ಡಯಾಲಿಸಿಸ್ ನಿಂತಿತು. ಅಪ್ಪನ ಕಿಡ್ನಿಗಳು ಚೇತರಿಸಿಕೊಂಡವು, ಮೊದಲಿನಷ್ಟಲ್ಲ, ಆದರೆ ಬದುಕಲು ಸಾಕಾಗುವಷ್ಟು. ಫ್ಯಾಕ್ಟರಿಗೆ ಮತ್ತೆ ಹೋಗಲಿಲ್ಲ. ಮುದ್ದೆ ತಟ್ಟೆಗೆ ವಾಪಸು ಬಂತು.

ಗೌರಿಹಬ್ಬಕ್ಕೆ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದರು. ಅತ್ತೆಯನ್ನು ಅಪ್ಪನೇ ಹೋಗಿ ಕರೆತಂದ. ಬಾಗಿನ ಕೊಟ್ಟು, ಒಬ್ಬಟ್ಟು ಬಡಿಸುವಾಗ ಯಾರೋ ಕೇಳಿದರು, "ಸತ್ತು ಬದುಕಿದೆಯಲ್ಲ ನಿಂಗರಾಜು, ಎಂಗಪ್ಪ?"

ಅಪ್ಪ ನನ್ನ ಕಡೆ ನೋಡಿದ. ನೋಡಿಯೇ ಹೇಳಿದ: "ಎಲ್ಲ ನಮ್ಮಕ್ಕನ ಕೈಗುಣ. ಅವಳು ಹಿಂಡ್ಕೊಟ್ಟ ರಸಾನೇ ನನ್ನ ಕಾಪಾಡಿದ್ದು."

ಎಲೆ ಮುಂದೆ ಕೂತವರೆಲ್ಲ ಹೌದು ಹೌದು ಎಂದರು. ಚಿಕ್ಕಪ್ಪ ನಕ್ಕು, "ಮನೇಲಿ ಮಾಡಿದ್ದಲ್ವಾ ಮತ್ತೆ!" ಎಂದ. ಅತ್ತೆ ತಲೆ ಎತ್ತಲಿಲ್ಲ, ಒಬ್ಬಟ್ಟು ಮುರಿಯುತ್ತಿದ್ದಳು. ನನ್ನ ಕೈಯಲ್ಲಿ ತುಪ್ಪದ ಗಿಂಡಿ ಇತ್ತು. ಅದನ್ನು ಅಲ್ಲೇ ಇಟ್ಟು ಹಿತ್ತಲಿಗೆ ಹೋದೆ. ಆ ದಿನದಿಂದ ನಮ್ಮ ಬಳಗದಲ್ಲಿ ಅದೇ ಇತಿಹಾಸ. ಅತ್ತೆ ಬದುಕಿಸಿದಳು, ಮಗಳು ನೀರಡಿಸಿದಳು. ನನ್ನ ಮದುವೆ ಮಾತುಕತೆಯಲ್ಲೂ ಬಂತದು, "ಹುಡುಗಿ ಸ್ವಲ್ಪ ಗಟ್ಟಿ ಮನಸ್ಸಿನೋಳು" ಎಂದು. ಈಗ ನಾನು ಪಿಯು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ, ಅಪ್ಪ-ಅವ್ವ ನನ್ನ ಮನೆಯಲ್ಲೇ ಇದ್ದಾರೆ. ಆ ಮಾತನ್ನು ಅಪ್ಪ ಒಮ್ಮೆಯೂ ತಿದ್ದಿಲ್ಲ.

ಆ ಅಪ್ಪ ಈ ಭಾನುವಾರ ಫ್ಲಾಸ್ಕಿಗೆ ರಸ ಸುರಿಯುತ್ತಿದ್ದ. ಸಕ್ಕರೆ ಕಾಯಿಲೆ ಅತ್ತೆಯ ಕಿಡ್ನಿಯನ್ನು ತಿಂದಿದೆ, ಯುಗಾದಿಯಿಂದ ಡಯಾಲಿಸಿಸ್. ಅವಳಿಗೂ ಅದೇ ಡಯಟ್ಟು, ಅದೇ ಅಳತೆ ನೀರು. ಅಪ್ಪನಿಗೆ ಅದು ಗೊತ್ತು. ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು?

ನಾನು ಫ್ಲಾಸ್ಕ್ ಕಿತ್ತುಕೊಂಡು ಸಿಂಕಿಗೆ ಬೋರಲು ಹಾಕಿದೆ.

"ಅಯ್ಯೋ, ಬರಿಗೈಲಿ ಎಂಗೇ ಹೋಗದು?" ಎಂದ, ಅಳುವ ದನಿಯಲ್ಲಿ.

"ಬರಿಗೈಲೇ ಹೋಗು. ಪಕ್ಕದಲ್ಲಿ ಕೂತ್ಕೊಂಡು ಮಾತಾಡು. ಮಾತಲ್ಲಿ ಪೊಟ್ಯಾಷಿಯಂ ಇಲ್ಲ."

ನಾನೂ ಅವನ ಜೊತೆ ಬಸ್ಸು ಹತ್ತಿದೆ. ವಿದ್ಯಾರಣ್ಯಪುರಂನಲ್ಲಿ ಅತ್ತೆ ಕಿಟಕಿ ಪಕ್ಕದ ಮಂಚದಲ್ಲಿ ದಿಂಬಿಗೊರಗಿದ್ದಳು. ಕಾಲು ಊದಿತ್ತು. ಮಂಚದ ಕೆಳಗೆ ನನ್ನ ಕಣ್ಣು ತಾನಾಗಿ ಹೋಯಿತು. ಅಂದುಕೊಂಡಂತೆಯೇ ಕವರುಗಳು, ಮೂಸಂಬಿ, ದಾಳಿಂಬೆ.

"ಏನ್ಲಾ ನಿಂಗ, ಬರಿಗೈಲಿ ಬಂದ್ಯಾ?" ಎಂದಳು.

"ಹಿಂಡಿದ್ದೆ ಕಣಕ್ಕ. ಇವಳು ಚೆಲ್ಬುಟ್ಲು."

"ಬುಡ್ತಾಳಾ ಅವಳು?" ಅತ್ತೆ ನಕ್ಕಳು, ಕೆಮ್ಮಿದಳು.

ಅಪ್ಪ ಮಂಚದ ತುದಿಯಲ್ಲಿ ಕೂತು ಅವಳ ಊದಿದ ಪಾದವನ್ನು ನೋಡುತ್ತಿದ್ದ. ಬೆರಳಿನಿಂದ ಒತ್ತಿದ. ಗುಳಿ ಬಿತ್ತು, ಮೇಲೇಳಲಿಲ್ಲ. ಆ ಗುಳಿಯನ್ನೇ ನೋಡುತ್ತ ಹೇಳಿದ: "ಅಕ್ಕ, ಆವತ್ತು ನಾನು ಬಿದ್ದದ್ದು ನಿನ್ನ ರಸ ಕುಡ್ದೇ ಕಣೆ. ಉಳಿಸಿದ್ದು ಇವಳು."

ಇಷ್ಟು ವರ್ಷ ಕಾದಿದ್ದ ಮಾತು. ಬಂತು, ಹಬ್ಬದ ಪಂಕ್ತಿಯಲ್ಲಲ್ಲ, ನಾಲ್ಕು ಗೋಡೆಯ ನಡುವೆ.

"ಗೊತ್ತು ಬುಡ್ಲಾ," ಎಂದಳು ಅತ್ತೆ.

"ಏನು ಗೊತ್ತು?" ಕೇಳಿದವಳು ನಾನು.

"ಆವತ್ತು ಗೇಟಲ್ಲಿ ನೀನು ಹೇಳ್ದಾಗ್ಲೇ ಗೊತ್ತಾಯ್ತು. ಬಸ್ ಸ್ಟ್ಯಾಂಡಲ್ಲಿ ಫ್ಲಾಸ್ಕ್ ಚೆಲ್ಲಿ ಹೋದೆ."

"ಮತ್ತೆ ಹಬ್ಬದ ದಿನ ಯಾಕೆ ಬಾಯಿ ಮುಚ್ಕೊಂಡಿದ್ದೆ? ಇಷ್ಟು ವರ್ಷ ನನ್ನ ಹೆಸರು ಯಾಕೆ ಕೆಡಿಸಿದ್ರಿ ನೀವೆಲ್ಲ?"

"ಒಪ್ಕೊಂಡಿದ್ರೆ ನಾನು ಅವನನ್ನ ಕೊಲ್ಲಕ್ ಹೋದೋಳಾಯ್ತಿದ್ನಲ್ಲೇ," ಎಂದಳು. ದಿಂಬು ಸರಿಮಾಡಿಕೊಂಡು, "ನೀನು ತಡ್ಕೋತೀಯ ಅಂತ ಗೊತ್ತಿತ್ತು. ಓದಿದೋಳು."

ನನಗೆ ಅಳು ಬರಲಿಲ್ಲ. ಮನಸ್ಸು ಕರಗಲೂ ಇಲ್ಲ. ಅಪ್ಪ, ಅವ್ವ, ಅತ್ತೆ, ಮೂವರಿಗೂ ಗೊತ್ತಿತ್ತು. ಮೂವರೂ ನನ್ನ ಬೆನ್ನ ಮೇಲೆ ಈ ಮೂಟೆ ಇಟ್ಟು ಸುಮ್ಮನಿದ್ದರು, ಹುಡುಗಿ ಹೊರುತ್ತಾಳೆ ಎಂದು. ಎದ್ದು ಮಂಚದ ಕೆಳಗಿನ ಕವರುಗಳನ್ನೆಲ್ಲ ಎಳೆದು ಹೊರಗಿಟ್ಟೆ.

"ನೀರು ಎಷ್ಟು ಕುಡೀಬೋದು, ಅದಾದ್ರೂ ಹೇಳು," ಎಂದಳು ಅತ್ತೆ. ಅಡುಗೆಮನೆಯಿಂದ ಬಾಟಲಿ ತಂದು ಗುರುತು ಹಾಕಿ ಅವಳ ಕೈಗೆ ಕೊಟ್ಟೆ. ನನ್ನ ದನಿ ಒರಟಾಗಿಯೇ ಇತ್ತು, ಮೆತ್ತಗೆ ಮಾಡಿಕೊಳ್ಳಲು ಹೋಗಲಿಲ್ಲ.

ಆಗ ಹೊರಗೆ ಗೇಟಿನ ಚಿಲಕದ ಸದ್ದಾಯಿತು. ಕಿಟಕಿಯಿಂದ ನೋಡಿದೆ. ಯಾರೋ ನೆಂಟರು, ಕೈಯಲ್ಲಿ ದಪ್ಪನೆಯ ಫ್ಲಾಸ್ಕು.

ಅಪ್ಪ ನನ್ನ ಮುಖ ನೋಡಿದ. ಅತ್ತೆ ಕಣ್ಣು ಮುಚ್ಚಿಕೊಂಡು ಹೇಳಿದಳು: "ಹೋಗೇ ಶೋಭಿ. ನಂಗೆ ಬೇಡ ಅನ್ನಕ್ಕಾಗಲ್ಲ. ನೀನೇ ಹೋಗು."

ನನ್ನ ಕೋಪ ಇನ್ನೂ ಇಳಿದಿರಲಿಲ್ಲ. ಒಳ್ಳೆಯದೇ ಆಯಿತು. ಸೆರಗು ಸಿಕ್ಕಿಸಿಕೊಂಡು ಗೇಟಿನ ಕಡೆ ನಡೆದೆ.